ಅರ್ಧ ಸೌಟು ಕಮ್ಮಿ

ಆಗ ನನಗೆ ಐವತ್ತೆಂಟು. ಏಳು ವರ್ಷವಾಯಿತು. ನನ್ನ ಮಗಳ ಮಗ ಎಂಟನೇ ಕ್ಲಾಸಿಗೆ ಸೇರಿದ ವರ್ಷ ಅದು. ಏಳನೇ ಕ್ಲಾಸಿನವರೆಗೆ ಅವನು ಸೋಲದೇವನಹಳ್ಳಿಯಲ್ಲಿ ಓದಿದ್ದ. ಆಮೇಲೆ ಮಗಳು ಅಳಿಯ ಯಲಹಂಕಕ್ಕೆ, ನನ್ನ ಮನೆಗೇ ಬಂದರು. ಹುಡುಗನನ್ನು ಇಲ್ಲಿನ ಹೈಸ್ಕೂಲಿಗೆ ಹಾಕಿದರು. ಅದೇ ಹೈಸ್ಕೂಲಿನಲ್ಲಿ ನಾನು ಬಿಸಿಯೂಟದ ಕೆಲಸದವಳು. ಬೆಳಗ್ಗೆ ಮಕ್ಕಳಿಗೆ ಹಾಲು ಕಾಯಿಸುವುದು, ತರಕಾರಿ ಹೆಚ್ಚುವುದು, ಮಧ್ಯಾಹ್ನ ಬಡಿಸುವುದು, ಪಾತ್ರೆ ಉಜ್ಜುವುದು.

ಆ ಬೇಸಿಗೆ ರಜದಲ್ಲಿ ಹುಡುಗ ಹೇಳದೆ ಕೇಳದೆ ಉದ್ದವಾಗಿಬಿಟ್ಟಿದ್ದ. ಕೈಕಾಲು ಬೇರೆ ಯಾರದೋ ತಂದು ಜೋಡಿಸಿದ ಹಾಗಿತ್ತು. ನಮ್ಮ ಅಡುಗೆಮನೆ ಬಾಗಿಲಿಗೆ ದಿನಕ್ಕೆರಡು ಸಲ ಹಣೆ ಚಚ್ಚಿಕೊಳ್ಳುತ್ತಿದ್ದ. ಮೂಗಿನ ಕೆಳಗೆ ಮಸಿ ಮೆತ್ತಿಕೊಂಡಿದೆ ಅಂತ ನಾನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದೆ. ಅದು ಮೀಸೆಯಂತೆ. ಒಂದು ದಿನವೆಲ್ಲ ನನ್ನ ಮೇಲೆ ಮುನಿಸಿಕೊಂಡಿದ್ದ. ಗಂಟಲು ಬೇರೆ ಒಡೆದಿತ್ತು. ಮಾತು ಗಂಡಸಿನ ದನಿಯಲ್ಲಿ ಶುರುವಾಗಿ ಸಣ್ಣ ಹುಡುಗಿಯ ದನಿಯಲ್ಲಿ ಮುಗಿಯುತ್ತಿತ್ತು. ಅದಕ್ಕೇ ಮಾತೇ ಕಮ್ಮಿ ಮಾಡಿದ.

ಸ್ಕೂಲು ಶುರುವಾಗುವ ಹಿಂದಿನ ದಿನ ನನ್ನ ಹತ್ತಿರ ಬಂದು ಕೂತ.

"ಅಜ್ಜಿ, ಸ್ಕೂಲಲ್ಲಿ ನನ್ನ ಮಾತಾಡಿಸ್ಬೇಡ. ಗುರ್ತಿಲ್ದಂಗೆ ಇರು."

ಯಾಕೋ ಅಂದೆ. ಹಳೇ ಸ್ಕೂಲಿನಲ್ಲಿ ಒಬ್ಬ ಹುಡುಗನ ತಾಯಿ ಬಿಸಿಯೂಟ ಮಾಡುತ್ತಿದ್ದಳಂತೆ. ಅವನಿಗೆ ಸಾಂಬಾರು ಅಂತ ಹೆಸರಿಟ್ಟು ಒಂದು ವರ್ಷ ಕಾಡಿಸಿದರಂತೆ. ಇಲ್ಲಿ ಒಬ್ಬರೂ ಗೊತ್ತಿಲ್ಲ, ಮೊದಲೇ ಇಂಥ ಹೆಸರು ಬಿದ್ದರೆ ಊಟಕ್ಕೆ ಪಕ್ಕದಲ್ಲಿ ಯಾರು ಕೂತುಕೊಳ್ಳುತ್ತಾರೆ ಅಂದ. ಅವನಿಗೆ ಬೇಕಾಗಿದ್ದು ಅಷ್ಟೇ, ಊಟಕ್ಕೆ ಪಕ್ಕದಲ್ಲಿ ಕೂರುವ ಒಬ್ಬ. ನನಗೇನೂ ಬೇಜಾರಾಗಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ನಾಚಿಕೆ ಇಲ್ಲ. ಅವನಿಗೆ ಇದ್ದರೆ ಅದು ಅವನ ವಯಸ್ಸಿನ ತೊಂದರೆ.

"ಆಯ್ತು ಬಿಡು. ನೀನ್ಯಾರೋ, ನಾನ್ಯಾರೋ," ಅಂದೆ.

ಆದರೆ ಸ್ಕೂಲಿನ ಅಡುಗೆಮನೆಯಲ್ಲಿ ಒಂದು ಪದ್ಧತಿ ಇತ್ತು. ಮುಖ್ಯ ಅಡುಗೆಯಮ್ಮ ಮಾಡಿದ್ದು. ಬಡಿಸುವಾಗ ನಮ್ಮ ಸ್ವಂತ ಮಗುವಿನ ತಟ್ಟೆ ಬಂದರೆ ಸೌಟನ್ನು ಪಕ್ಕದವಳ ಕೈಗೆ ಕೊಡಬೇಕು. ಅವಳು ಬಡಿಸಬೇಕು. ತಮ್ಮ ಮಕ್ಕಳಿಗೆ ಜಾಸ್ತಿ ಹಾಕಿಕೊಳ್ಳುತ್ತಾರೆ ಅನ್ನುವ ಮಾತು ಬರಬಾರದು ಅಂತ. ನಾನು ಸೌಟು ಕೊಟ್ಟರೆ ಇವನು ನನ್ನ ಮೊಮ್ಮಗ ಅಂತ ಸಾಲಿನಲ್ಲಿ ನಿಂತವರಿಗೆಲ್ಲ ಡಂಗುರ ಹೊಡೆದ ಹಾಗೆ. ಕೊಡದೆ ನಾನೇ ಬಡಿಸಿದರೆ ಪದ್ಧತಿ ಮುರಿದ ಹಾಗೆ. ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡೆ. ನಾನೇ ಬಡಿಸುವುದು, ಅರ್ಧ ಸೌಟು ಕಮ್ಮಿ ಬಡಿಸುವುದು. ನಾಳೆ ಗೊತ್ತಾದರೂ ಜಾಸ್ತಿ ಹಾಕಿದಳು ಅಂತ ಯಾರೂ ಅನ್ನುವ ಹಾಗಿಲ್ಲ. ನನಗೆ ಅದು ದೊಡ್ಡ ಬುದ್ಧಿವಂತಿಕೆಯಾಗಿ ಕಂಡಿತು.

ಮೊದಲ ದಿನ ಅವನು ಕ್ಲಾಸಿನಲ್ಲಿ ಹುಡುಗಿಯರ ಸಾಲಿನ ಬೆಂಚಿನಲ್ಲಿ ಹೋಗಿ ಕೂತನಂತೆ. ಎಲ್ಲರೂ ನಕ್ಕರಂತೆ. ಮಧ್ಯಾಹ್ನ ನಲ್ಲಿಯ ಹತ್ತಿರ ಗೋಡೆಗೆ ಮುಖ ಮಾಡಿಕೊಂಡು ಒಬ್ಬನೇ ತಿಂದ. ಹತ್ತು ದಿನ ಹಾಗೇ ತಿಂದ. ನಾನು ಕಿಟಕಿಯಿಂದ ನೋಡುತ್ತಿದ್ದೆ, ಮಾತಾಡಿಸಲಿಲ್ಲ. ಮಾತು ಕೊಟ್ಟಿದ್ದೆ.

ಮನೆಗೆ ಬಂದವನೇ ಮುದ್ದೆಗೆ ಕೂರುತ್ತಿದ್ದ. ಒಂದು ಸಂಜೆ ಕೇಳಿದ.

"ಅಜ್ಜಿ, ಸ್ಕೂಲಲ್ಲಿ ನಂಗೆ ಯಾಕೆ ಕಮ್ಮಿ ಹಾಕ್ತೀಯಾ?"

"ಗುರ್ತಿಲ್ದಂಗೆ ಇರು ಅಂದೋನು ನೀನೇ ತಾನೆ?"

"ಗುರ್ತಿಲ್ದೋರ್ಗೆಲ್ಲ ಸರಿಯಾಗೇ ಹಾಕ್ತೀಯಲ್ಲ."

ಇನ್ನೊಂದು ಮುದ್ದೆ ಹಾಕಿದೆ.

ಆಮೇಲೆ ಒಂದು ದಿನ ಸಾಲಿನಲ್ಲಿ ಅವನ ಹಿಂದೆ ಒಬ್ಬ ಗುಂಡು ಹುಡುಗ ನಿಂತಿದ್ದ. ಮನೆಯಲ್ಲಿ ಉರ್ದು ಮಾತಾಡುವವರ ಹುಡುಗ, ಕನ್ನಡ ನಮಗಿಂತ ಚೆನ್ನಾಗಿ ಬರುತ್ತಿತ್ತು. ಅವನ ತಂದೆ ಗೇಟು ವೆಲ್ಡಿಂಗ್ ಮಾಡುತ್ತಿದ್ದರು. ಅವನು ನಮ್ಮವನ ತಟ್ಟೆ ನೋಡಿದ, ನನ್ನ ಮುಖ ನೋಡಿದ.

"ಅಜ್ಜಿ, ಇವ್ನ ಉದ್ದ ನೋಡಿ. ನೀವ್ ಹಾಕಿದ್ದು ಹೊಟ್ಟೆಗೆ ಇಳಿಯೋಷ್ಟ್ರಲ್ಲೇ ಖಾಲಿ ಆಗೋಗತ್ತೆ."

ಅವನಿಗೂ ಬಡಿಸಿ ಮುಂದೆ ಹೋಗು ಅಂದೆ. ಅವನು ಮುಂದೆ ಹೋಗಿ ತನ್ನ ಅನ್ನದಲ್ಲಿ ಒಂದು ಪಾಲು ನಮ್ಮವನ ತಟ್ಟೆಗೆ ಸುರಿದ. ನಲ್ಲಿಯ ಹತ್ತಿರ ಪಕ್ಕದಲ್ಲೇ ಕೂತ. ಮಾರನೆಯ ದಿನ ಇನ್ನೂ ಇಬ್ಬರು ಬಂದರು. ನನಗೆ ಕಂಜೂಸ್ ಅಜ್ಜಿ ಅಂತ ಹೆಸರಿಟ್ಟರು. ಆ ಉದ್ದನೆಯವನ ಕಂಡರೆ ಮುದುಕಿಗೆ ಆಗುವುದಿಲ್ಲ ಅಂತ ಮೂವರೂ ತೀರ್ಮಾನ ಮಾಡಿ ಅವನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಂಡರು.

ಆ ಸಂಜೆ ಅವನು ಬಾಗಿಲಿಗೆ ಹಣೆ ಹೊಡೆದುಕೊಂಡೇ ಒಳಗೆ ಬಂದ. ನೋವು ಅಂತಲೂ ಅನ್ನಲಿಲ್ಲ.

"ಅಜ್ಜಿ, ಇವತ್ತು ನಂಗೆ ಮಗಾ ಅಂದ್ರು."

ಅವತ್ತಿನಿಂದ ನಾನು ಕಮ್ಮಿ ಬಡಿಸಿದ್ದು ಅದಕ್ಕೋಸ್ಕರವೇ. ಮೂರು ಕಡೆಯಿಂದ ಅವನ ತಟ್ಟೆಗೆ ಅನ್ನ ಬೀಳುತ್ತಿತ್ತು. ನಾನು ಸರಿಯಾಗಿ ಬಡಿಸಿ ಅದನ್ನು ಯಾಕೆ ನಿಲ್ಲಿಸಲಿ? ಮುಖ ಗಂಟಿಕ್ಕಿಕೊಳ್ಳುವುದು ನನಗೆ ಕಷ್ಟವಲ್ಲ, ನನ್ನ ಮುಖ ಇರುವುದೇ ಹಾಗೆ. ಹುಡುಗ ಮಾತಾಡತೊಡಗಿದ. ಒಡಕು ದನಿಯಲ್ಲೇ ಮೇಷ್ಟರ ಹಾಗೆ ಮಾತಾಡಿ ತೋರಿಸುತ್ತಾನಂತೆ, ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ಕಬಡ್ಡಿಗೂ ಸೇರಿಸಿಕೊಂಡರು. ಕೈ ಉದ್ದ ಇದೆ ಅಂತ ರೈಡಿಗೆ ಕಳಿಸಿದರೆ ತನ್ನ ಕಾಲಿಗೇ ಎಡವಿ ಬೀಳುತ್ತಿದ್ದ. ಆದರೂ ದಿನಾ ಕರೆಯುತ್ತಿದ್ದರು.

ದಸರಾ ರಜದಲ್ಲಿ ನಾನೇ ಅಂದೆ, ಇನ್ನು ಹೇಳಿಬಿಡೋ ಅಂತ. ಅವನ ಮುಖ ಇಳಿಯಿತು.

"ಈಗ ಹೇಳಿದ್ರೆ ಇಷ್ಟ್ ದಿನ ಆಟ ಆಡ್ಸಿದ್ದೆ ಅಂತಾರೆ ಅಜ್ಜಿ. ಬಿಟ್ಟೋಗ್ತಾರೆ."

ಆಯ್ತು ಬಿಡು ಅಂದೆ. ಅವನ ಸ್ನೇಹ, ಅವನ ಲೆಕ್ಕ.

ಬಿಸಿಲು ಏರತೊಡಗಿದ ಕಾಲ. ಏರ್ ಶೋ ಅಂತಾರಲ್ಲ, ಆ ವಿಮಾನಗಳ ಆಟ ಹತ್ತಿರ ಬಂದು, ನಮ್ಮ ಯಲಹಂಕದ ತಲೆ ಮೇಲೆ ದಿನವಿಡೀ ತಾಲೀಮು ನಡೆಯುತ್ತಿತ್ತು. ಒಂದು ಮಧ್ಯಾಹ್ನ ಪಾತ್ರೆ ಉಜ್ಜುತ್ತಿದ್ದವಳಿಗೆ ಹೆಡ್ ಮಿಸ್ ಕರೆ ಬಂತು. ಮುಖ್ಯ ಅಡುಗೆಯಮ್ಮನೂ ಜೊತೆಗೆ ಬಂದಳು. ಹೋದರೆ ಆ ಮೂವರು ಹುಡುಗರು ನಿಂತಿದ್ದಾರೆ. ನಡುವೆ ನಮ್ಮವನು, ಬಾವುಟದ ಕಂಬದ ಹಾಗೆ. ಹೆಡ್ ಮಿಸ್ ನನ್ನ ಕೈಗೆ ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟರು. ನನ್ನ ಓದು ನಿಧಾನ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಡುಗೆ ಅಜ್ಜಿ ನಮ್ಮ ಗೆಳೆಯನಿಗೆ ಜೂನ್ ತಿಂಗಳಿಂದ ಕಮ್ಮಿ ಬಡಿಸುತ್ತಿದ್ದಾರೆ, ದಯವಿಟ್ಟು ಬುದ್ಧಿ ಹೇಳಬೇಕು ಅಂತ ಬರೆದಿದ್ದರು. ಕೆಳಗೆ ಮೂರು ಸಹಿ.

ನಿಜವಾ ಅಂತ ಹೆಡ್ ಮಿಸ್ ಕೇಳಿದರು. ನಿಜ ಅಂದೆ. ಯಾಕೆ ಅಂದರು. ಬಾಯಿ ಬಿಡಲಿಲ್ಲ. ಮಕ್ಕಳ ಅನ್ನದಲ್ಲಿ ಹೀಗೆ ಮಾಡಿದರೆ ಮೇಲಿನವರಿಗೆ ಬರೆಯಬೇಕಾಗುತ್ತದೆ, ಆಮೇಲೆ ಕೆಲಸ ಉಳಿಯುವುದು ಕಷ್ಟ ಅಂದರು. ತಪ್ಪಾಯಿತು ಅಂದೆ. ಅಷ್ಟು ಬಿಟ್ಟರೆ ಬೇರೆ ಹೇಳಲು ನನಗೆ ಹಕ್ಕಿರಲಿಲ್ಲ. ಕೊಟ್ಟ ಮಾತನ್ನು ಬಿಡಿಸಬೇಕಾದವನು ಅವನು.

ಅವನು ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ವಿಮಾನವೊಂದು ಹೆಂಚು ಹಾರಿಹೋಗುವ ಹಾಗೆ ಬಂತು. ಎಲ್ಲರೂ ಕಿವಿ ಮುಚ್ಚಿಕೊಂಡೆವು. ಅವನ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಏನಂದೆ ಅಂತ ಹೆಡ್ ಮಿಸ್ ಕೇಳಿದರು. ಪಾಪ, ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ಇನ್ನೊಂದು ಸಲ ಹೇಳಬೇಕಾಯಿತು. ಸದ್ದು ಇನ್ನೂ ಇದೆ ಅಂದುಕೊಂಡು ಕೂಗಿದ. ಸದ್ದು ಹೋಗಿಬಿಟ್ಟಿತ್ತು.

"ಇವ್ರು ನಮ್ಮಜ್ಜಿ, ಮಿಸ್. ನಾನೇ ಗುರ್ತಿಲ್ದಂಗೆ ಇರು ಅಂದಿದ್ದೆ."

ಮೊದಲ ಅರ್ಧ ಕೋಣದ ದನಿ, ಉಳಿದರ್ಧ ಪೀಪಿ. ಪಕ್ಕದ ಕೋಣೆಯಲ್ಲಿ ಹತ್ತನೇ ಕ್ಲಾಸಿನವರು ನಕ್ಕಿದ್ದು ಕೇಳಿಸಿತು. ಗುಂಡು ಹುಡುಗ ಅವನನ್ನು ನೋಡಿದ, ನನ್ನನ್ನು ನೋಡಿದ. ನಮ್ಮವನು ನೆಲ ನೋಡುತ್ತಿದ್ದ. ಮುಗಿಯಿತು ಅಂದುಕೊಂಡಿದ್ದ.

"ಅಜ್ಜಿ," ಅಂದ ಗುಂಡ, "ಮನೇಲಾದ್ರೂ ಊಟ ಹಾಕ್ತೀರಾ ಇವ್ನಿಗೆ?"

"ಸಂಜೆ ಎರಡು ಮುದ್ದೆ ತಿಂತಾನೆ ಕಣಪ್ಪ. ಬಂದು ನೋಡು."

"ಎರಡಾ? ಮಗಾ, ಎರಡು ಮುದ್ದೆ ಇಟ್ಕೊಂಡು ನನ್ನ ಅನ್ನ ತಿಂತಿದ್ದೆಯಾ ನೀನು?"

ಹೆಡ್ ಮಿಸ್ ಆ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಹೋಗ್ರೋ ಎಲ್ಲ ಆಚೆ ಅಂದರು. ಹುಡುಗರು ಅವನನ್ನು ಮೈದಾನದ ಉದ್ದಕ್ಕೂ ಅಟ್ಟಿಸಿಕೊಂಡು ಹೋದರು. ಎಂದಿನಂತೆ ತನ್ನ ಕಾಲಿಗೇ ಎಡವಿ ಬಿದ್ದ. ಮೂವರೂ ಮೇಲೆ ಹತ್ತಿ ಕೂತರು. ಕೆಳಗಿನಿಂದ ಅವನ ನಗು ಕೇಳಿಸುತ್ತಿತ್ತು, ಕೋಣದ್ದೂ ಪೀಪಿಯದ್ದೂ ಸೇರಿ.

ನನ್ನ ಕೆಲಸ ಉಳಿಯಿತು, ಬೈಗುಳ ತಪ್ಪಲಿಲ್ಲ. ಅಡುಗೆಮನೆಗೆ ಬಂದ ಮೇಲೆ ಮುಖ್ಯ ಅಡುಗೆಯಮ್ಮ, "ಜಾಸ್ತಿ ಹಾಕೋದು ಮೋಸ ಆದ್ರೆ ಕಮ್ಮಿ ಹಾಕೋದೂ ಮೋಸಾನೇ ಕಣಕ್ಕ," ಅಂದಳು. ಅವಳ ಮಾತು ಸರಿಯಾಗಿತ್ತು. ಇಷ್ಟು ದಿನ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಸಂಜೆ ನಾಲ್ವರೂ ಮನೆಗೆ ಬಂದರು, ಮುದ್ದೆ ಎಣಿಸುವುದಕ್ಕೆ. ಬಸ್ಸಾರು ಮಾಡಿದ್ದೆ. ಮಗಳು ಅಳಿಯನಿಗೆ ಅಂತ ಇಟ್ಟಿದ್ದೂ ಖಾಲಿಯಾಯಿತು. ಗುಂಡ ಮೂರು ತಿಂದ.

ಮಾರನೆಯ ಬೆಳಗ್ಗೆ ಎಂಟಕ್ಕೆ ಹೋಗಿ ಹಾಲು ಕಾಯಿಸಿದೆ. ಪ್ರಾರ್ಥನೆ ಮುಗಿದು ಮಕ್ಕಳು ಲೋಟ ಹಿಡಿದು ಸಾಲಾಗಿ ಬಂದರು. ಎಂಟನೇ ಕ್ಲಾಸು ಬಂತು, ಅವನ ಲೋಟ ಬಂತು. ನಾನು ಸೌಟನ್ನು ಪಕ್ಕದವಳ ಕೈಗೆ ಕೊಟ್ಟೆ. ಅವಳು ಹಾಕಿದಳು. ಹಿಂದೆ ಗುಂಡನ ಲೋಟ ಇತ್ತು. ಸೌಟು ವಾಪಸ್ ಇಸಿದುಕೊಂಡೆ.