ಅಣ್ಣನ ಹೆಸರಿನ ಮೇಲಿನ ಕುಂಕುಮ

ಬಂಧುಗಳೇ, ಹಳೆಯ ರೇಡಿಯೋ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕುವವರೊಬ್ಬರು ಇವತ್ತು ಶಿರಾದಿಂದ ನಮ್ಮ ಕೊರಟಗೆರೆ ಮನೆಗೆ ಬಂದಿದ್ದರು. ತೀರಿಕೊಂಡ ನಮ್ಮಣ್ಣ ರೇಡಿಯೋ ರಿಪೇರಿ ಮಾಡುತ್ತಿದ್ದ. ಅವನೇ ಬರೆದ ಸರ್ಕ್ಯೂಟ್ ಚಿತ್ರವೊಂದು ಅವನ ಹೆಸರಿನ ಸಮೇತ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಪುಟ ತೆಗೆದುಕೊಟ್ಟೆ.

"ಅಕ್ಕಾ, ಚಿತ್ರ ಐತೆ. ಹೆಸ್ರು ಎಲ್ಲೈತೆ?"

"ಆ ಕುಂಕುಮದ ಕೆಳಗೈತೆ ಕಣಪ್ಪ. ವರ್ಸಾ ವರ್ಸಾ ಆಯುಧಪೂಜೆಗೆ ಅಲ್ಲೇ ಇಡ್ತಿದ್ದೆ."

ಅವರು ಬ್ರಷ್ಷಿನಿಂದ ಮೆಲ್ಲಗೆ ಒರೆಸಿದರು. ಒದ್ದೆ ಅರಿಶಿನ ಕುಂಕುಮಕ್ಕೆ ನೆಂದು ನೆಂದು ಸತ್ತಿದ್ದ ಕಾಗದ ಪುಡಿಯಾಗಿ ಉದುರಿ, ಹೆಸರಿದ್ದ ಕಡೆ ತೂತು ಬಿತ್ತು.

"ಈ ಸಂಚಿಕೆ ಬೇರೆಲ್ಲೂ ಸಿಕ್ಕಿಲ್ಲಕ್ಕ. ಪುಟ ಇದ್ದಂಗೇ ಹಾಕೋದು ನಾವು, ಹೆಸ್ರಿಲ್ದೆಲೆ ಹಾಕ್ಬೇಕಾಯ್ತದೆ."

ಇಷ್ಟು ವರ್ಷ ಅಣ್ಣನ ಈ ಪತ್ರಿಕೆಗಳನ್ನು ಗೆದ್ದಲಿನಿಂದ ಕಾಪಾಡಪ್ಪ ಎಂದು ದೇವರನ್ನು ಬೇಡಿದ್ದೆ. ಕಾಪಾಡಿದ. ನನ್ನಿಂದ ಕಾಪಾಡು ಎಂದು ನಾನು ಕೇಳಿಕೊಂಡಿರಲಿಲ್ಲ.