ಒಗೆಯುವ ಕಲ್ಲಿನ ಸ್ಥಳಪುರಾಣ

ಮಾಗಡಿಯ ನಮ್ಮ ಕೋಟೆ ಬೀದಿಗೆ ಇತಿಹಾಸಕಾರರು ಯಾರೂ ಇಲ್ಲದ್ದರಿಂದ ಆ ಹುದ್ದೆ ತಾನಾಗಿಯೇ ನನಗೆ ಬಂತು. ನಾನು ಮುತ್ತುರಾಜು, ಕಂಬಳಿ ಅಂಗಡಿಯವನು. ಈಗ ಚಳಿಗಾಲದಲ್ಲೂ ಜನ ಬಣ್ಣಬಣ್ಣದ ರಗ್ಗು ಹೊದೆಯುತ್ತಾರೆ, ಹಾಗಾಗಿ ನನಗೆ ಬೇಕಾದಷ್ಟು ಬಿಡುವಿದೆ. ಬಾಯಂತೂ ಹುಟ್ಟಿನಿಂದಲೇ ಇದೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದರಲ್ಲಿ ಫೇಲಾದ ವಿಷಯ ಸಮಾಜ.

ಕೋಟೆ ನೋಡಲು ಬಂದವರು ದಾರಿ ಕೇಳಲು ನನ್ನ ಅಂಗಡಿ ಮುಂದೆ ನಿಲ್ಲುತ್ತಾರೆ. ದಾರಿ ತೋರಿಸಿ ಕಳಿಸಿದರೆ ಆಯಿತು. ಅಷ್ಟಕ್ಕೆ ನಿಲ್ಲಿಸುವುದು ನನ್ನ ಕೈಲಾಗುವುದಿಲ್ಲ. ಮೂಲೆಯ ಹಾಳು ಬಾವಿಯಿಂದ ಸಾವನದುರ್ಗಕ್ಕೆ ಸುರಂಗವಿದೆ ಎನ್ನುತ್ತೇನೆ. ಮಂಟಪದ ಮುಂದಿನ ಚಪ್ಪಡಿಯ ಮೇಲಿರುವ ಗುಳಿ ಪಾಳೇಗಾರನ ಕುದುರೆಯ ಗೊರಸಿನ ಗುರುತು ಎನ್ನುತ್ತೇನೆ. ಎದುರುಮನೆಯ ಗಫಾರ್ ಅಲ್ಲಿ ಲಾರಿಗೆ ಜಾಕ್ ಕೊಟ್ಟಾಗ ಆದ ಗುಳಿ ಅದು. ಜಾಕ್ ತಂದುಕೊಟ್ಟವನೇ ನಾನು.

ಹೋದ ಕಾರ್ತೀಕದಲ್ಲಿ ಅನುಷಾ ಎಂಬ ಕಾಲೇಜು ಹುಡುಗಿ ವಿಡಿಯೋ ಮಾಡಲು ಬಂದಳು. ಸುರಂಗ, ಗೊರಸು ಎಲ್ಲ ಮುಗಿಸಿ ಅಂಗಡಿಗೆ ಅಂಟಿದ ನಮ್ಮ ಮನೆ ಬಾಗಿಲಲ್ಲಿದ್ದ ಕಲ್ಲಿನ ಕಡೆ ಫೋನು ತಿರುಗಿಸಿ, “ಅಂಕಲ್, ಇದೇನು?” ಎಂದಳು. ಅದು ನನ್ನ ಹೆಂಡತಿ ವರಲಕ್ಷ್ಮಿ ಬಟ್ಟೆ ಒಗೆಯುವ ಕಲ್ಲು. ಹಾಗೆಂದು ಹೇಳಲೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು, “ಪಾಳೇಗಾರರು ಕೂತು ನ್ಯಾಯ ಹೇಳ್ತಿದ್ದ ಕಲ್ಲು ಕಣಮ್ಮ!”

ಆ ಕಲ್ಲು ನನ್ನ ಹೆಂಡತಿಗೆ ಸೊಂಟದ ಮಟ್ಟ. ಅವಳು ನನಗಿಂತ ಒಂದು ಗೇಣು ಎತ್ತರ, ಹಾಗಾಗಿ ನನಗೆ ಎದೆ ಮಟ್ಟ. ಅದರ ಮೇಲೆ ಪಾಳೇಗಾರ ಹೇಗೆ ಹತ್ತಿ ಕೂರುತ್ತಿದ್ದ ಎಂದು ಯಾರೂ ಕೇಳಲಿಲ್ಲ.

ವಿಡಿಯೋ ಊರೆಲ್ಲ ಸುತ್ತಿತು. ಶುಕ್ರವಾರ ಬೆಳಗ್ಗೆ ಎದ್ದು ನೋಡಿದರೆ ಕಲ್ಲಿಗೆ ಅರಿಶಿನ ಕುಂಕುಮ. ಮರುವಾರ ನಿಂಬೆಹಣ್ಣು, ದೀಪ. ವರಲಕ್ಷ್ಮಿ ಬಕೆಟ್ ಹಿಡಿದು ಬಂದವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಅಂದಿನಿಂದ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಗೆಯತೊಡಗಿದಳು. ಮೊದಲೇ ಅವಳಿಗೆ ಸೊಂಟನೋವು. ನನ್ನ ತಟ್ಟೆಗೆ ಮುದ್ದೆ ಬೀಳುವ ಸದ್ದು ಬೀದಿಗೆ ಕೇಳುತ್ತಿತ್ತು.

ಬೀದಿಗೆ ಹಿರಿಯರಾದ ದೊಡ್ಡಹನುಮಯ್ಯನವರು, “ನಮ್ ತಾತ ಹೇಳೋನು ಕಣ್ಲಾ, ಈ ಕಲ್ಲಿಂದು ಭಾರಿ ಮಹಿಮೆ ಐತೆ ಅಂತ” ಎಂದರು. ಕಲ್ಲು ಬಂದದ್ದು ನನ್ನ ಮದುವೆಯಲ್ಲಿ, ಟೆಂಪೋದಲ್ಲಿ. ಅವರ ತಾತ ಸತ್ತದ್ದು ನಾನು ಹುಟ್ಟುವ ಮೊದಲು. ನನ್ನ ಸುಳ್ಳಿಗೆ ನನಗಿಂತ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ನೋಡಿ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಕೊನೆಗೆ, ಮುಂದಿನ ಶುಕ್ರವಾರ ಕಲ್ಲನ್ನು ಕಿತ್ತು ಮಂಟಪದಲ್ಲಿ ಸಿಮೆಂಟು ಹಾಕಿ ಪ್ರತಿಷ್ಠಾಪಿಸುವುದೆಂದು ಬೀದಿಯವರು ತೀರ್ಮಾನ ಮಾಡಿದರು. ಅಂದು ಮಧ್ಯಾಹ್ನ ವರಲಕ್ಷ್ಮಿ ಬಾಯಿ ಬಿಟ್ಟಳು. “ಅದು ನಮ್ಮಪ್ಪ ಕೊಟ್ಟ ಕಲ್ಲು. ತವರಿಂದ ತಂದಿದ್ರಲ್ಲಿ ಉಳಿದಿರೋದು ಅದೊಂದೇಯ. ನೀವೇ ಕಳೀತಿದೀರಿ, ನೀವೇ ಉಳಿಸ್ಕೊಡಿ.” ಅವಳ ಕಣ್ಣಲ್ಲಿ ನೀರಿತ್ತು. ಆಗ ನನಗೆ ನಿಜಕ್ಕೂ ಭಯವಾಯಿತು.

ಶುಕ್ರವಾರ ಜನ ಹಾರೆ, ಹಗ್ಗ ಹಿಡಿದು ಬಂದರು. ನಾನು ಅಡ್ಡ ನಿಂತೆ. “ಅಣ್ಣ, ಇದು ಪಾಳೇಗಾರಂದಲ್ಲ. ಕೈಲಾಂಚದ ನಮ್ಮ ಮಾವ ಮಂಚಯ್ಯ ಕೊಟ್ಟ ಕಲ್ಲು. ನಾನೇ ಬುರುಡೆ ಬಿಟ್ಟಿದ್ದೆ.”

ಯಾರೂ ನಂಬಲಿಲ್ಲ. ಸುಳ್ಳು ಹೇಳುವಾಗ ಯಾರೂ ನನ್ನನ್ನು ಇಷ್ಟು ಅನುಮಾನದಿಂದ ನೋಡಿರಲಿಲ್ಲ.

“ಮಹಿಮೆ ಇರೋ ಕಲ್ಲು, ನಿನ್ ಬಾಗ್ಲಲ್ಲೇ ಮಡೀಕೊಳಾಕೆ ಆಸೆ ಕಣ್ಲಾ ನಿಂಗೆ,” ಎಂದರು ದೊಡ್ಡಹನುಮಯ್ಯ. “ನಿಜ ಆದ್ರೆ ಕಬ್ಬಾಳಮ್ಮನ ಮೇಲೆ ಆಣೆ ಮಾಡು.”

ನಮ್ಮ ಕಡೆ ಹೆತ್ತತಾಯಿ ಮೇಲೆ ಸುಳ್ಳಾಣೆ ಮಾಡುವವನೂ ಕಬ್ಬಾಳಮ್ಮನ ಹೆಸರೆತ್ತಿದರೆ ತೆಪ್ಪಗಾಗುತ್ತಾನೆ. ನಾನು ಚಪ್ಪಲಿ ಬಿಟ್ಟು, ಕಬ್ಬಾಳಿನ ದಿಕ್ಕಿಗೆ ತಿರುಗಿ, ಕೈಮುಗಿದು ಆಣೆ ಮಾಡಿದೆ. ಹಾರೆಗಳು ಕೆಳಗಿಳಿದವು.

“ಸರಿ. ಹಂಗೇ ಆ ಸುರಂಗದ್ದೂ ಒಂದು ಆಣೆ ಮಾಡ್ಬುಡು,” ಎಂದರು ದೊಡ್ಡಹನುಮಯ್ಯ.

ನಾನು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡೆ.

“ಕುದ್ರೆ ಗೊರಸಿಂದು?”

ಗಫಾರ್ ಕಿಸಕ್ಕನೆ ನಕ್ಕ. ಆಮೇಲೆ ಇಡೀ ಬೀದಿ ನಕ್ಕಿತು. ನಾನು ವರ್ಷಗಟ್ಟಲೆ ಕಟ್ಟಿದ್ದ ಚರಿತ್ರೆ ಅಲ್ಲಿಗೆ ಮಣ್ಣುಪಾಲಾಯಿತು. ಮುಖ ಹುಳ್ಳಗಾದರೂ ಬಾಯಿ ಕೇಳಬೇಕಲ್ಲ! “ಅಣ್ಣ, ನಿಮ್ ತಾತ ಹೇಳಿದ್ದು ನಿಜ ಅಂತ ನೀವೂ ಒಂದು ಆಣೆ ಮಾಡಿ,” ಎಂದೆ. ದೊಡ್ಡಹನುಮಯ್ಯನವರಿಗೆ ಡೈರಿಗೆ ಹಾಲು ಹಾಕುವುದು ಥಟ್ಟನೆ ನೆನಪಾಯಿತು.

ಜನ ಚದುರಿದ ಮೇಲೆ ವರಲಕ್ಷ್ಮಿ ಬಕೆಟ್ ತಂದಳು. ಕಲ್ಲಿನ ಕುಂಕುಮವನ್ನು ಬೆರಳಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ನೀರು ಸುರಿದಳು.

“ಬೀದೀಲಿರೋ ಕಲ್ಲಿಗೆಲ್ಲ ಕಥೆ ಕಟ್ಟುದ್ರಿ. ಈ ಕಲ್ಲನ್ನ ನಮ್ಮಪ್ಪ ಯಾಕೆ ಕೊಟ್ರು ಅಂತ ಒಂದಿನಾನಾದ್ರೂ ಕೇಳುದ್ರಾ?”

ಕೇಳಿರಲಿಲ್ಲ. ಒಗೆಯುತ್ತಲೇ ಅವಳು ಹೇಳಿದಳು. ಮನೆ ನೋಡಲು ಬಂದ ಮಾವನಿಗೆ ನಮ್ಮ ಹಳೆಯ ಒಗೆಯುವ ಕಲ್ಲು ಕಂಡಿತಂತೆ. ಅದು ಮೊಣಕಾಲೆತ್ತರ. ಎತ್ತರದ ಮಗಳು ಜೀವನಪೂರ್ತಿ ಬಗ್ಗಬೇಕಲ್ಲ ಎಂದು ಊರಿಗೆ ಹೋದವರೇ ಅವಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಸೊಂಟಕ್ಕೆ ಅಳತೆ ಹಿಡಿದರಂತೆ. ಕುರಿ ಕಾಯುವ ಮನುಷ್ಯ, ಉಳಿ ಹಿಡಿದು ಗೊತ್ತಿಲ್ಲ. ಆದರೂ ಆ ಅಳತೆಗೆ ತಾವೇ ಕಲ್ಲು ಕೆತ್ತಲು ಕೂತು, ಕಲ್ಲಿನ ಜೊತೆ ಹೆಬ್ಬೆರಳನ್ನೂ ಜಜ್ಜಿಕೊಂಡರಂತೆ.

ಧಾರೆ ಎರೆಯುವಾಗ ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ನೋಡಿದ್ದೆ. ಏನಾಯಿತು ಎಂದು ಆಗಲೂ ಕೇಳಲಿಲ್ಲ, ಅವರು ಇರುವ ತನಕವೂ ಕೇಳಲಿಲ್ಲ. ಅಂಗಡಿಯ ಕಂಬಳಿಗಳ ಮರೆಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ.

ಈಗಲೂ ಜನ ಬರುತ್ತಾರೆ. ನಾನು ಹೇಳುವುದು ಇದೊಂದೇ ಕಥೆ. ಯಾರೂ ಫೋನು ಎತ್ತುವುದಿಲ್ಲ. ಅರ್ಧಕ್ಕೇ ಕೋಟೆಗೆ ದಾರಿ ಯಾವುದು ಎನ್ನುತ್ತಾರೆ. ಆದರೂ ಬಿಡದೆ, “ಬಲಗೈ ಹೆಬ್ಬೆರಳು ಜಜ್ಜಿಹೋಯಿತು” ಎನ್ನುವಷ್ಟರಲ್ಲಿ ಹಿಂದೆ ಬಟ್ಟೆ ಒಗೆಯುವ ಸದ್ದು ನಿಲ್ಲುತ್ತದೆ.

“ಬಲಗೈ ಅಲ್ಲ, ಎಡಗೈ,” ಎನ್ನುತ್ತಾಳೆ ವರಲಕ್ಷ್ಮಿ. “ಮೊದ್ಲಿಂದ ಹೇಳಿ.”