ಬಿಳಿ ಹಾಸಿನ ಮೇಲೆ ಹನೂರು ಬಸ್ಸಿನ ಮಸಿ

ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ರೇಷ್ಮೆ ನೇಯುವ ವಸಂತಮ್ಮನಿಗೆ ಅದರಿಂದ ಹೆಚ್ಚೇನೂ ಬದಲಾಗಿರಲಿಲ್ಲ; ಮೊದಲಿನಂತೆಯೇ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಜಗಳಕ್ಕೆ ಎರಡೂ. ಬೆಳಗ್ಗೆ ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ಹಾಸಿನ ಉದ್ದ ನೂಲು ಎಳೆದು ಕಟ್ಟಿ ಸಿಕ್ಕು ಬಿಡಿಸುವುದು ಅವಳ ಕೆಲಸ. ಅದೇ ಬೀದಿಯ ಕೊನೆಯಲ್ಲಿ ಗುರುಪಾದಸ್ವಾಮಿಯ ಹನೂರು ಬಸ್ಸು ನಿಲ್ಲುತ್ತಿತ್ತು. ಜನ ತುಂಬಿಕೊಂಡು ಹೊರಟಿತೆಂದರೆ ಹಿಂದಿನಿಂದ ಕರೀ ಹೊಗೆ ಉಗುಳುತ್ತಿತ್ತು.

ಆವತ್ತು ಕಟ್ಟಿದ್ದು ಧಾರೆ ಸೀರೆಯ ಬಿಳಿ ಹಾಸು. ಹೊಗೆ ಸರಿದ ಮೇಲೆ ನೋಡಿದರೆ ಎಳೆಎಳೆಗೂ ಮಸಿ. ಒರೆಸಿದಷ್ಟೂ ಹರಡಿತು. ಗಂಡ ಗೋವಿಂದಯ್ಯ ಬೇಡವೆಂದರೂ ಕೇಳದೆ ಮಾರನೇ ಬೆಳಗ್ಗೆ ಹೋಗಿ ಬಸ್ಸಿಗೆ ಅಡ್ಡ ನಿಂತಳು.

“ಸಾವ್ಕಾರ್ರೇ, ಈ ದರಿದ್ರದ ಗಾಡೀನ ನಮ್ ಬೀದಿಯಿಂದಾಚ್ಗೆ ತಕಂಡೋಗಿ!”

ಗುರುಪಾದಸ್ವಾಮಿ ಎಲೆಯಡಿಕೆ ಉಗಿದು ನಕ್ಕ. “ಓಗಮ್ಮೋ. ಕೊಯಮತ್ತೂರಲ್ಲಿ ಪಾಸಾಗಿರೋ ಗಾಡಿ ಇದು. ಸಾಹೇಬ್ರೇ ನೋಡಿ ಒಗೆ ಇಲ್ಲ ಅಂದವ್ರೆ.”

“ಅಂಗಾರೆ ನನ್ ರೇಸ್ಮೆ ಮ್ಯಾಲೆ ಬಿದ್ದಿರೋದೇನು, ನಿಮ್ ಇಬೂತೀನಾ?”

ನಿಂತವರೆಲ್ಲ ಗೊಳ್ಳೆಂದು ನಕ್ಕರು. ಗುರುಪಾದಸ್ವಾಮಿಯ ಮುಖ ಕಪ್ಪಿಟ್ಟಿತು. ಮರುದಿನದಿಂದ ಡ್ರೈವರ್ ಚಿಕ್ಕಮಾದಪ್ಪ ಬೇಕೆಂದೇ ಅವಳ ಬಾಗಿಲ ಮುಂದೆ ಬಸ್ಸು ನಿಲ್ಲಿಸಿ ಎಂಜಿನ್ ಗುರುಗುಟ್ಟಿಸತೊಡಗಿದ.

ಮೈಸೂರಿನಿಂದ ಬಸ್ಸು ಲಾರಿ ತಪಾಸಣೆಯ ಬ್ರೇಕ್ ಇನ್ಸ್‌ಪೆಕ್ಟರು ಬಂದು ಸರ್ಕಾರಿ ಬಂಗಲೆಯಲ್ಲಿ ಇಳಿದಿದ್ದಾರೆಂದು ಕೇಳಿ, ವಸಂತಮ್ಮ ಮಸಿಯಾದ ನೂಲನ್ನು ಒಯ್ದು ಅವರ ಮೇಜಿನ ಮೇಲೆಯೇ ಸುರಿದಳು. ಅವರು ಗದರಿದರು, ಆಮೇಲೆ ಬಸ್ಸನ್ನು ಕರೆಸಿದರು.

ಗುರುಪಾದಸ್ವಾಮಿ ಧೈರ್ಯವಾಗಿಯೇ ಬಂದ. “ಕೊಯಮತ್ತೂರಲ್ಲಿ ಖಾಲಿ ಗಾಡಿ ನಿಲ್ಸಿ, ಇಂಜಿನ್ ಚಾಲೂ ಮಾಡಿ ಇಂದ್ಗಡೆ ನೋಡಿದ್ರು ಸಾ, ಅಷ್ಟೆಯ.”

“ಅದು ಅವರ ಪದ್ಧತಿ. ನಾನು ಜನ ತುಂಬಿಸಿ, ಏರು ಹತ್ತಿಸಿ ನೋಡುವವನು,” ಎಂದರು ಇನ್ಸ್‌ಪೆಕ್ಟರು.

ಹೊಗೆ ಕಾಣದಿರಲೆಂದು ಚಿಕ್ಕಮಾದಪ್ಪ ಕದ್ದು ತಿರುಪು ತಿರುಗಿಸಿ ಎಂಜಿನ್‌ಗೆ ಹೋಗುವ ಡೀಸೆಲ್ ಕಡಿಮೆ ಮಾಡಿದ. ಅದೇ ಮುಳುವಾಯಿತು. ಹನೂರು ದಾರಿಯ ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತ ನಿಂತೇಬಿಟ್ಟಿತು. ಹೆದರಿದ ಚಿಕ್ಕಮಾದಪ್ಪ ಇಳಿದು ತಿರುಪನ್ನು ಮೊದಲಿನಂತೆ ಮಾಡಿದ. ಬಸ್ಸು ಏರು ಹತ್ತಿತು, ಆದರೆ ಹಿಂದೆ ಜೀಪಿನಲ್ಲಿದ್ದ ಇನ್ಸ್‌ಪೆಕ್ಟರ ಬಿಳಿ ಷರಟು ಕರೀ ಕಂಬಳಿಯಂತಾಯಿತು. ಎಂಜಿನ್ ಸರಿಮಾಡಿಸುವವರೆಗೆ ಬಸ್ಸು ಓಡಕೂಡದೆಂದು ಅಲ್ಲೇ ಅಪ್ಪಣೆಯಾಯಿತು.

ಗುರುಪಾದಸ್ವಾಮಿ ಸರಿಮಾಡಿಸಲಿಲ್ಲ. ನಿಲ್ಲಿಸಿ ನೋಡಿ ಪಾಸು ಮಾಡುವ ಮದರಾಸು ಸೀಮೆಗೆ, ಸತ್ಯಮಂಗಲದ ಕಡೆಗೇ ಬಸ್ಸನ್ನು ಹೊಡೆದುಕೊಂಡು ಹೋದ. ಹೋಗುವ ಮುಂಚೆ ಅವಳ ಬಾಗಿಲಿಗೆ ಬಂದು, “ಅನೂರಿಗೆ ಇನ್ಮ್ಯಾಕೆ ಎಲ್ಲಾರೂ ನಡ್ಕಂಡೋಗ್ಲಿ. ಯಾರ್ ಕೇಳುದ್ರೂ ನಿನ್ ಎಸ್ರೇ ಏಳ್ತೀನಿ ಕಣಮ್ಮಿ,” ಎಂದ. ಹಾಗೆಯೇ ಹೇಳಿದ ಕೂಡ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸಿದರು.

ಹನೂರಿಗೆ ಕೊಟ್ಟ ಮಗಳು ಭಾಗ್ಯಮ್ಮ ಏಳು ತಿಂಗಳ ಬಸುರಿ, ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ತವರಿಗೆ ಬಂದಳು. ಇಳಿಯುತ್ತಲೇ ಕೂಗಾಡಿದಳು: “ನಿನ್ ಆಸು ಉಳೀತು, ನನ್ ಸೊಂಟ ಮುರೀತು. ಓಗಿ ಆ ಸಾವ್ಕಾರ್ರ ಕಾಲಿಗ್ ಬಿದ್ದು ಕರ್ಕಂಡ್ ಬಾರವ್ವ!”

“ಅವ್ನ ಕಾಲಿಗಾ? ನಾನ್ ಸತ್ರೂ ಇಲ್ಲ.”

“ಅಂಗಾರೆ ನಾನೇ ಸಾಯ್ಲಾ?”

ವಸಂತಮ್ಮ ಒಲೆ ಹಚ್ಚಿದಳು. ಬಿಸಿನೀರು ಕಾಯಿಸಿ ಮಗಳ ಸೊಂಟಕ್ಕೆ ಹರಳೆಣ್ಣೆ ತಿಕ್ಕಿದಳು. ಭಾಗ್ಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಣಂತನ ಮುಗಿಯುವವರೆಗೂ ತಾಯಿ ಮಗಳ ನಡುವೆ ಎಷ್ಟು ಬೇಕೋ ಅಷ್ಟೇ ಮಾತು.

ಮುಂದಿನ ವರ್ಷ ಬೇರೊಬ್ಬರ ಬಸ್ಸು ಬಂತು. ಅವರು ಬೀದಿಯ ಸಹವಾಸವೇ ಬೇಡವೆಂದು ಅದನ್ನು ಊರಾಚೆ ನಿಲ್ಲಿಸಿದರು. ಗಂಟು ಮೂಟೆ ಹೊತ್ತು ಅಷ್ಟು ದೂರ ನಡೆಯುವವರು ದಾರಿಯುದ್ದಕ್ಕೂ ವಸಂತಮ್ಮನನ್ನೇ ಬೈದುಕೊಳ್ಳುತ್ತಿದ್ದರು.